ಏಳು ಹಲ್ಲು, ನೂರಾ ಒಂದು ನುಡಿ ಮತ್ತು ಅಳಿಯನ ಕಂಪ್ಯೂಟ್ರು

ಕೂಡ್ಲಿಗಿಯಿಂದ ಹಡಗಲಿವರೆಗೆ ಎಲ್ಲೇ ಆಗಲಿ, ನಾನು ಹತ್ತಿರ ಹೋದ ಕೂಡಲೇ ಯಂತ್ರಗಳಿಗೆ ಏನಾದರೊಂದು ಆಗಿಯೇ ಆಗುತ್ತದೆ. ಗಿರಣಿಯ ಬೆಲ್ಟು ಹರಿಯುತ್ತದೆ, ಪಂಪ್‌ಸೆಟ್ಟು ನೀರಿನ ಬದಲು ಗಾಳಿ ಉಗುಳುತ್ತದೆ, ಸುಮ್ಮನೆ ನಿಂತ ಬಸ್ಸು ಕೆಮ್ಮುತ್ತದೆ. ಜನ ಇದಕ್ಕೆ ಕಾಲ್ಗುಣ ಅನ್ನುತ್ತಾರೆ. ಯಂತ್ರಗಳಿಗೂ ದೊಡ್ಡ ಮನುಷ್ಯರನ್ನ ಕಂಡರೆ ಅಂಜಿಕೆ ಇರುತ್ತದೆ ಅಂತ ನಾನು ಹೇಳೋದು.

ನಾನು ಸಾಲಿ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಕೊಟ್ಟೂರು ಬೇಗ ಬಂತು. ಕೂಡ್ಲಿಗಿ, ಹಡಗಲಿ ಆಮೇಲೆ ಬಂದವು. ಹಗರಿಬೊಮ್ಮನಹಳ್ಳಿ ಮಾತ್ರ, ಪೂರ್ತಿ ಓದೋದರೊಳಗೆ ಬಸ್ಸೇ ಹೊರಟುಹೋಗಿರುತ್ತಿತ್ತು. ಅದರ ಕೊನೆಯ ಎರಡಕ್ಷರ ಕಲಿಯೋಕೆ ನನಗೆ ಒಂದು ವರ್ಷ ಹಿಡಿಯಿತು.

ಆದರೆ ಹಂತಿ ಪದದ ವಿಷಯಕ್ಕೆ ಬಂದರೆ ಐದು ತಾಲೂಕಿಗೂ ನಾನೇ ಮೇಷ್ಟ್ರು. ಕಣದಲ್ಲಿ ಜೋಳದ ತೆನೆ ಹರವಿ, ನಡುವೆ ಮೇಟಿ ಅನ್ನೋ ಕಂಬ ನೆಟ್ಟು, ಅದಕ್ಕೆ ಎತ್ತುಗಳನ್ನ ಸಾಲಾಗಿ ಕಟ್ಟಿ ಸುತ್ತು ಹೊಡೆಸಿ ತುಳಿಸುವಾಗ ಹಾಡುವ ಪದ ಅದು. ಒಂದೊಂದು ನುಡಿ ಮುಗಿದಾಗಲೂ ಎಲ್ಲರೂ ಸೇರಿ "ಹುಲುಸೋ ಹುಲುಸು" ಅಂತ ಕೂಗಬೇಕು, ರಾಶಿ ಹುಲುಸಾಗಲಿ ಅಂತ. ನಮ್ಮ ಗುರು ನನ್ನ ಕಿವಿಗೆ ಹಾಕಿದ ಒಂದು ಪದಕ್ಕೆ ನೂರಾ ಒಂದು ನುಡಿ ಇತ್ತು. ನಾನು ಹಾಡಿದರೆ ಅಷ್ಟು ದೂರದ ಹಲವಾಗಲು ಊರಿನ ಹೊಳೆದಂಡೆಯ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು. ನಮ್ಮ ಕಣ ಇದ್ದದ್ದು ಕೊಟ್ಟೂರಿನ ಹತ್ತಿರ, ಅದು ಬೇರೆ ಮಾತು. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಹೋದವು, ನನ್ನ ಹಿಮ್ಮೇಳದ ಗೆಳೆಯರೂ ಮನೆ ಹಿಡಿದರು. ಆ ಪದ ಪೂರ್ತಿ ಉಳಿದದ್ದು ನನ್ನೊಬ್ಬನ ಹೊಟ್ಟೆಯೊಳಗೆ.

ಹಲ್ಲಿನ ಡಾಕ್ಟರು

ಹಲ್ಲುನೋವು ಅಂತ ಹಗರಿಬೊಮ್ಮನಹಳ್ಳಿಗೆ ಹೋದೆ. ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿದರು.

"ಯಜಮಾನ್ರ, ಏಳು ಉಳಿದಾವ. ಏಳೂ ಅಲುಗಾಡ್ತಾವ. ಎಲ್ಲಾ ತೆಗೀಬೇಕು."

"ತೆಗೀರಿ. ಆದ್ರ ಆಮ್ಯಾಲೆ ಪದ ಹಾಡಬಹುದೇನ್ರಿ?"

ಡಾಕ್ಟರು ಎರಡು ಬೆರಳಿನಿಂದ ನನ್ನ ತುಟಿಯನ್ನ ಹಲ್ಲಿನ ಮೇಲೆ ಒತ್ತಿ ಹಿಡಿದು, "ಈಗ ಹಾಡ್ರಿ" ಅಂದರು. "ಹುಲುಸೋ" ಅಂತ ಎತ್ತಿದೆ. "ಹುಲುಹೋ" ಅಂತ ಬಂತು. ನರಿ ಊಳಿಟ್ಟಂಗೆ.

"ಇನ್ನ ಮ್ಯಾಲೆ ಹಿಂಗ ನೋಡ್ರಿ" ಅಂದರು.

 ನಾನು ಹೋದರೆ ಹೋಗಲಿ, ಎಪ್ಪತ್ತು ದಾಟಿದೆ. ಆ ಪದ ನರಿಯ ಬಾಯಿಗೆ ಬೀಳಬಾರದಲ್ಲ! ಕೈಮುಗಿದು ಗಡುವು ಕೇಳಿದೆ. "ಬರೋ ಸೋಮವಾರ ಬ್ಯಾಡ, ಅದರ ಮುಂದಿನ ಸೋಮವಾರ ಬರ್ರಿ. ಅದಕ್ಕಿಂತ ಮುಂದಕ್ಕ ಹೋದ್ರ ದವಡಿಗೆ ಕೀವು ಇಳೀತೈತಿ" ಅಂದರು.

ಎದ್ದು ಬರುವ ಮೊದಲು, ಹಲ್ಲಿದ್ದಾಗ ಹೆಂಗೆ ಇರುತ್ತದೆ ಅಂತ ಅವರಿಗೂ ತಿಳಿಯಲಿ ಎಂದು, ಅಲ್ಲೇ ಕುರ್ಚಿಯ ಮೇಲೆ ಒಂದು ನುಡಿ ಎತ್ತಿ ಹಾಡಿದೆ. ಹೊರಗೆ ಬಂದು ನೋಡಿದರೆ, ದವಡೆಗೆ ಟವೆಲು ಕಟ್ಟಿಕೊಂಡು ಕೂತಿದ್ದ ಮೂವರೂ ಇಲ್ಲ!

"ನೋಡ್ರಿ ಡಾಕ್ಟ್ರ, ನನ್ನ ಪದಕ್ಕ ಮೂರು ಮಂದಿ ಹಲ್ಲುನೋವು ವಾಸಿ ಆತು" ಅಂದೆ.

"ವಾಸಿ ಆಗಿಲ್ಲ ಯಜಮಾನ್ರ. ಹಲ್ಲು ಕೀಳೋವಾಗ ಮನುಷ್ಯ ಹಿಂಗ ಕೂಗ್ತಾನ ಅಂತ ಅಂಜಿ ಓಡ್ಯಾರ."

ಪದ ಕೇಳಿ ಮಲಗಿದ್ದು

ಕೊಟ್ಟೂರಿನಲ್ಲಿ ನನ್ನ ಮಗಳ ಮನೆ. ಹಲ್ಲು ಹೋಗೋದರೊಳಗೆ ಪದ ತುಂಬಿಸಿಡೋಣ ಅಂತ, ಟೇಪ್‌ರೆಕಾರ್ಡರ್ ಕೇಳೋಕೆ ಅಲ್ಲಿಗೆ ಹೋದೆ. ಅಳಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಪ್ರಶ್ನೆಪತ್ರಿಕೆ ಟೈಪು ಮಾಡೋಕೆ ಅಂತ ಕಂಪ್ಯೂಟ್ರು ತಂದಿದ್ದ. ಆಗ ಆ ಓಣಿಗೆಲ್ಲ ಅದೊಂದೇ. ಟೀವಿಯಂಥದ್ದು ಮೇಲೆ, ಗುಂಯ್ ಅನ್ನೋ ಡಬ್ಬಿ ಕೆಳಗೆ. ಅಳಿಯ ಬಂಗಾರದಂಥವನು. ಮಾವನ ಎದುರು ಎತ್ತರದ ದನಿ ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ. ಅವನಿಗೆ ಸಿಟ್ಟು ಬಂದರೆ ನನಗೆ ಹೇಳೋದನ್ನ ಹೆಂಡತಿಗೆ ಹೇಳುತ್ತಾನೆ. ನನಗೆ ಸಿಟ್ಟು ಬಂದರೆ ಅವನಿಗೆ ಹೇಳೋದನ್ನ ನಾನು ಮಗಳಿಗೆ ಹೇಳುತ್ತೇನೆ. ನಾವು ಮೂವರೂ ಒಂದೇ ಕೋಣೆಯಲ್ಲಿ ಇರುತ್ತೇವೆ ಅನ್ನೋದು ಬೇರೆ.

"ಮಾವಾರ, ಟೇಪ್‌ರೆಕಾರ್ಡರ್ ಯಾಕ್ರಿ? ಕ್ಯಾಸೆಟ್ಟು ನಾಕು ವರ್ಷಕ್ಕ ಬೂಷ್ಟು ಹಿಡೀತೈತಿ. ಕಂಪ್ಯೂಟ್ರಿನಾಗ ತುಂಬಸೋಣ, ಸಾಯೋತನಕ ಇರತೈತಿ" ಅಂದ.

"ಯಾರು ಸಾಯೋತನಕ?" ಅಂದೆ.

ಅಳಿಯ ಮಾತು ಬದಲಿಸಿ ಮೈಕು ತಂದ.

ಅವರ ಪಡಸಾಲೆ ಹಳೇ ಕಾಲದ್ದು, ನಮ್ಮ ಕಣದಷ್ಟೇ ವಿಶಾಲ. ನೆಲದಲ್ಲಿ ಹೂತ ಒರಳು ಈಗಲೂ ಇದೆ. ಒಂದು ಮೂಲೆಯಲ್ಲಿ ಕಂಪ್ಯೂಟ್ರು. ಅಳಿಯ ಗುಂಡಿ ಒತ್ತಿ, "ಹಾಡ್ರಿ ಮಾವಾರ" ಅಂತ ಹೇಳಿ ಜಳಕಕ್ಕೆ ಹೋದ. ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಗಣಪತಿ ಸ್ತುತಿ ಆಯಿತು, ಕಣದ ಪೂಜೆ ಆಯಿತು, ಇಪ್ಪತ್ತು ನುಡಿ ದಾಟಿತು. ಕಣ್ಣು ತೆಗೆದು ನೋಡಿದರೆ ಟೀವಿ ಕಪ್ಪಗೆ!

ಅಳಿಯ ತಲೆ ಒರೆಸಿಕೊಂಡು ಬಂದು ಇಲಿಯಂಥದ್ದನ್ನ ಅತ್ತಿತ್ತ ಅಲುಗಾಡಿಸಿದ. "ಮಲಗೈತ್ರಿ ಮಾವಾರ. ಹತ್ತು ನಿಮಿಷ ಯಾರೂ ಮುಟ್ಟಲಿಲ್ಲ ಅಂದ್ರ ತಾನಾಗೇ ಮಲಗೋ ಹಂಗ ಮಾಡಿಟ್ಟಿದ್ದೆ. ಮರತಬಿಟ್ಟೆ."

ನನಗೆ ಬೆಂಕಿ ಹತ್ತಿತು. ಒಳಗಿದ್ದ ಮಗಳಿಗೆ ಕೂಗಿ ಹೇಳಿದೆ: "ನಿನ್ನ ಗಂಡಗ ಹೇಳವ್ವಾ, ನನ್ನ ಪದಕ್ಕ ಮಲಗಿದ್ದ ಎತ್ತು ಎದ್ದು ನಿಲ್ತಿದ್ದವು. ಮಲಗಿದ್ದು ಅಂತ ಇದ್ರ ಇವನ ಡಬ್ಬಿ ಒಂದೇ!"

ಮಗಳು ಅಡುಗೆಮನೆಯಿಂದಲೇ ಅಂದಳು: "ಕಣದಾಗ ನಾನೂ ನಿನ್ನ ಪದ ಕೇಳತಾ ಕೇಳತಾನ ಮಲಗತಿದ್ದೆ ಯಪ್ಪಾ. ನನ್ನ ಎತ್ತಿಕೊಂಡು ಮನಿಗೆ ಬರತಿದ್ದಿ. ಅದನ್ನ ಯಾಕ ಬೈತಿ, ಅದನ್ನೂ ಎತ್ತಿಕೋ."

ಚೌಕದ ಸಿನಿಮಾ

ನಿದ್ದೆ ಬಿಡಿಸಿದ್ದಾಯಿತು. ಮತ್ತೆ ಹಾಡಿದೆ. ತಿರುಗಿಸಿ ಕೇಳಿದರೆ ನಡುನಡುವೆ ಚಟ್, ಚಟ್, ಹುರಿಯೋ ಕಡಲೆಯಂತೆ. ಅಲ್ಲಲ್ಲಿ ಅರ್ಧ ನುಡಿಯೇ ಮಾಯ. ಅಳಿಯ ಹರಪನಹಳ್ಳಿಯಿಂದ ಕಂಪ್ಯೂಟ್ರು ರಿಪೇರಿಯವನನ್ನ ಕರೆಸಿದ. ಮೀಸೆ ಬಿಟ್ಟ ದಪ್ಪ ಆಸಾಮಿ, ಮಾತು ದಾವಣಗೆರೆ ಕಡೆಯದು.

"ನೋಡಿ ಯಜಮಾನ್ರೇ, ಒಳಗೆ ವೈರಸ್ ಕಾಯೋದು ಒಂದಿದೆ. ನೀವು ಹಾಡ್ತಿರುವಾಗಲೇ ಅದು ಪ್ರತಿಯೊಂದನ್ನೂ ತಡೆದು ನೋಡುತ್ತೆ. ಅದಕ್ಕೇ ಸದ್ದು ತುಂಡಾಗ್ತಿದೆ" ಅಂದ.

"ಊರು ಕಾಯೋ ತಳವಾರ ಒಂದೊಂದು ಚೀಲ ಬಿಚ್ಚಿ ನೋಡಿದ್ರ ಗಾಡಿ ಸಂತಿಗೆ ಮುಟ್ಟತೈತೇನು? ಸ್ವಲ್ಪ ಹೊತ್ತು ಅವಗ ರಜಾ ಕೊಡು" ಅಂದೆ.

ಅವನು ಕಣ್ಣರಳಿಸಿದ. "ಇನ್ನು ಬಫರ್ ಅಂತ ಒಂದಿದೆ. ಅದನ್ನು ದೊಡ್ಡದು ಮಾಡಬೇಕು."

"ಅದೇನದು?"

"ಸದ್ದು ನೇರ ಡಿಸ್ಕಿಗೆ ಹೋಗಲ್ಲ. ಮೊದಲು ಒಂದು ಕಡೆ ನಿಂತು ಆಮೇಲೆ ಹೋಗುತ್ತೆ."

"ತೊಟ್ಟಿ ಅನ್ನಪಾ! ಮೋಟಾರು ನಡುನಡುವ ನಿಂತ್ರೂ ತೊಟ್ಟಿ ತುಂಬಿದ್ರ ಕಾಲುವಿ ಒಣಗಂಗಿಲ್ಲ. ಸಣ್ಣ ತೊಟ್ಟಿ ಕಟ್ಟಿದವರು ಯಾರು?"

ಅವನು ನನ್ನ ಕಾಲು ಮುಟ್ಟಿ, "ಯಜಮಾನ್ರೇ, ನೀವೇ ನಮ್ಮ ಅಂಗಡಿಗೆ ಬಂದುಬಿಡಿ" ಅಂದ. ಕಾಲು ಮುಟ್ಟಿದ್ದು ಕೆಳಗಿನ ವಯರು ಹಿಡಿಯೋಕೆ ಬಗ್ಗಿದಾಗ ಅಂತ ಮಗಳು ಈಗಲೂ ವಾದ ಮಾಡುತ್ತಾಳೆ.

ಕೊನೆಗೆ ಅವನು, ಡಿಸ್ಕಿನೊಳಗೆ ಎಲ್ಲಾ ಚೆಲ್ಲಾಪಿಲ್ಲಿ ಬಿದ್ದಿದೆ, ಒಂದು ಕಡೆ ಸೇರಿಸಿಡಬೇಕು, ಜಾಗ ಬಯಲಾದರೆ ಪದ ಸಲೀಸಾಗಿ ಇಳಿಯುತ್ತದೆ ಅಂತ ಹೇಳಿ ಏನೋ ಒತ್ತಿ ಹೋದ. ಟೀವಿ ತುಂಬ ಬಣ್ಣಬಣ್ಣದ ಸಣ್ಣ ಚೌಕ. ಒಂದೊಂದೇ ಎದ್ದು ಇನ್ನೊಂದು ಕಡೆ ಕೂರುತ್ತಿತ್ತು. ಕಾಳು ತುಂಬಿಡೋ ನೆಲದೊಳಗಿನ ಹಗೇವಿಗೆ ಇಳಿದವನು ಜೋಳ ಬೇರೆ, ಸಜ್ಜೆ ಬೇರೆ ಮಾಡಿದಂತೆ. ಮುಗಿಯೋಕೆ ಇಡೀ ಹಗಲು ಬೇಕಂತೆ. ಕರೆಂಟು ಹೋದಾಗೊಮ್ಮೆ ಕೆಳಗಿನ ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಅಂತ ಅತ್ತು ಅತ್ತು ಆರಿಹೋಗುತ್ತಿತ್ತು. ಕರೆಂಟು ಬಂದ ಮೇಲೆ ಮತ್ತೆ ಮೊದಲಿಂದ.

ಕಂಪ್ಯೂಟ್ರಿನಲ್ಲಿ ಏನೋ ನಡೆದಿದೆ ಅಂತ ಓಣಿಯವರು ಒಬ್ಬೊಬ್ಬರೇ ಬಂದರು. ಮುಂದೆ ಹೆಂಗಸರು, ಹಿಂದೆ ಗಂಡಸರು, ಚಾಪೆ ಹಾಸಿ ಕೂತರು. ಮಗಳು ಮಂಡಕ್ಕಿ ಹಂಚಿದಳು. ಚೌಕ ಏಳುತ್ತವೆ, ಚೌಕ ಕೂರುತ್ತವೆ. ಒಬ್ಬರೂ ಎದ್ದು ಹೋಗಲಿಲ್ಲ. ಸಂಜೆ ಅದು ಮುಗಿದು ಟೀವಿ ಖಾಲಿಯಾದಾಗ ಪಕ್ಕದ ಮನೆಯಾಕೆ ನಿಟ್ಟುಸಿರು ಬಿಟ್ಟು ಕೇಳಿದಳು:

"ಚಲೋ ಇತ್ತು ಕಾಕಾ. ಆದ್ರ ಹೀರೋ ಯಾಕ ಬರಲೇ ಇಲ್ಲ?"

ಕೌದಿ

ಚಟ್ ಚಟ್ ಹೋಯಿತು. ಈಗ ಡಬ್ಬಿಯ ಫ್ಯಾನಿನ ಗುಂಯ್ ಕೇಳಿಸತೊಡಗಿತು. ಹಿಂದೆ ಒಬ್ಬ ಮನುಷ್ಯ ಗೊರಕೆ ಹೊಡೆದಂತೆ. ಸೋಮವಾರಕ್ಕೆ ನಾಲ್ಕೇ ದಿನ ಉಳಿದಿತ್ತು. ಅಳಿಯ, "ಡಬ್ಬಿ ದೂರ ಇಡಬೇಕ್ರಿ, ಉದ್ದನ ವಯರು ತರತೀನಿ" ಅಂತ ಹೇಳಿ, ಅಷ್ಟರಲ್ಲಿ ಒಂದು ಸಲ ಹಾಡಿ ನೋಡಲಿ ಎಂದು ಗುಂಡಿ ಒತ್ತಿಟ್ಟು ಸಾಲಿಗೆ ಹೋದ.

ವಯರು ಯಾಕೆ? ಮಲಗೋ ಕೋಣೆಯಿಂದ ನಮ್ಮವ್ವನ ಕಾಲದ ಕೌದಿ ತಂದೆ. ಐದು ಸೀರೆ ಸೇರಿಸಿ ಹೊಲಿದದ್ದು, ಒದ್ದರೂ ಸದ್ದು ದಾಟದು. ಡಬ್ಬಿಗೆ ಬಾಣಂತಿಗೆ ಹೊದಿಸಿದಂತೆ ತಲೆಯಿಂದ ಕಾಲಿನತನಕ ಹೊದಿಸಿದೆ. ಗುಂಯ್ ನಿಂತಿತು. ನಲವತ್ತು ನುಡಿ ಸರಾಗ ಬಂತು. ನಲವತ್ತೊಂದಕ್ಕೆ ಏನೋ ಕಮಟು ವಾಸನೆ. ನಲವತ್ತೆರಡಕ್ಕೆ ಟೀವಿ ಕಣ್ಣು ಮುಚ್ಚಿತು.

ಕೌದಿ ಎತ್ತಿದರೆ, ದೇವರಾಣೆ ಹೇಳುತ್ತೇನೆ, ಆ ಡಬ್ಬಿಯ ಮೇಲೆ ಹಪ್ಪಳ ಇಟ್ಟಿದ್ದರೆ ಎರಡೂ ಮಗ್ಗುಲು ಸುಡುತ್ತಿತ್ತು. ತೆಲಿಗಿಯಿಂದ ಮೆಣಸಿನಕಾಯಿ ತಂದು ಅದರ ಮೇಲೆ ಒಣಗಿಸಬಹುದಿತ್ತು.

ಅಳಿಯ ಬಂದ. ಕೌದಿ ನೋಡಿದ. ಡಬ್ಬಿ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. ನನ್ನಿಂದ ಎರಡೇ ಮೊಳ ದೂರ ನಿಂತು ಹೆಂಡತಿಯನ್ನ ಕರೆದ.

"ಏನ, ಇಲ್ಲಿ ಬಾ. ನಿಮ್ಮಪ್ಪಗ ಹೇಳು, ಕಂಪ್ಯೂಟ್ರಿಗೆ ಚಳಿ ಆಗಂಗಿಲ್ಲ."

"ನಿನ್ನ ಗಂಡಗ ಹೇಳು, ಬೆವರಿದ್ರ ಜ್ವರ ಇಳೀತೈತಿ ಅಂತ."

"ನಿಮ್ಮಪ್ಪಗ ಹೇಳು, ಇದು ಆರಿ ತಣ್ಣಗಾಗೋ ತನಕ ಯಾರೂ ಮುಟ್ಟಬಾರದು."

"ನಿನ್ನ ಗಂಡಗ ಹೇಳು, ನನಗಿರೋದು ನಾಕೇ ದಿನ."

ಮಗಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಇಬ್ಬರನ್ನೂ ನೋಡಿದಳು. "ಇಬ್ಬರಿಗೂ ಹೇಳತೀನಿ ಕೇಳ್ರಿ. ಆ ಕೌದಿ ಸುಟ್ಟಿದ್ರ ಒಬ್ಬರಿಗೂ ರೊಟ್ಟಿ ಇಲ್ಲ."

ಅಲ್ಲಿಗೆ ಮಾವ ಅಳಿಯ ಒಂದಾದೆವು. ಕೌದಿಯ ಕರಕಲು ಮೂಲೆಯನ್ನ ಇಬ್ಬರೂ ಸೇರಿ ಒಳಮಡಚಿ ಇಟ್ಟೆವು. ಅದು ಇವತ್ತಿಗೂ ಆಕೆಗೆ ಗೊತ್ತಿಲ್ಲ. ಇದನ್ನ ಓದಿದರೆ ಗೊತ್ತಾಗುತ್ತದೆ.

ಮೇಟಿ

ಭಾನುವಾರ ಬಂತು. ಮರುದಿನ ಹಲ್ಲು. ಡಬ್ಬಿಯನ್ನ ಬಾಗಿಲಾಚೆ ಇಟ್ಟು ಉದ್ದನೆ ವಯರು ಎಳೆದಿದ್ದರು. ತಳವಾರನಿಗೆ ರಜೆ, ತೊಟ್ಟಿ ದೊಡ್ಡದು, ಹಗೇವು ಚೊಕ್ಕ. ರಿಪೇರಿಯವನೂ ಬೆಳಿಗ್ಗೆಯೇ ಬಂದಿದ್ದ. ಅಳಿಯನೂ ಅವನೂ ಕಿವಿಗೆ ದೊಡ್ಡ ಬಟ್ಟಲು ಕಟ್ಟಿಕೊಂಡು ಟೀವಿಗೆ ಮುಖ ಹಾಕಿ, ನನಗೆ ಬೆನ್ನು ಮಾಡಿ ಕೂತರು. ನಾನು ಹತ್ತು ನುಡಿ ಹಾಡಿದೆ.

ತಿರುಗಿಸಿ ಕೇಳಿದೆವು. ಚಟ್ ಇಲ್ಲ, ಗುಂಯ್ ಇಲ್ಲ. ಆದರೆ ದನಿ ದೊಡ್ಡದಾಗುತ್ತದೆ, ಸಣ್ಣದಾಗುತ್ತದೆ, ಮತ್ತೆ ದೊಡ್ಡದಾಗುತ್ತದೆ. ಟೀವಿಯ ಮೇಲೆ ಅದರ ಗೆರೆ ಒಂದೇ ಸಮ ಉಬ್ಬು ತಗ್ಗು, ಉಬ್ಬು ತಗ್ಗು.

"ಸೌಂಡ್ ಕಾರ್ಡ್ ಹೋಗಿದೆ" ಅಂತ ರಿಪೇರಿಯವನು ಬೇರೆ ಹಾಕಿದ. ಮತ್ತೆ ಹಾಗೇ. ಮೈಕು ಬದಲಿಸಿದರು. ಹಾಗೇ. ಅಳಿಯ ಮೈಕಿನ ಮುಂದೆ ಕೂತು ಹದಿನೇಳರ ಮಗ್ಗಿ ಹೇಳಿದ, ನೂಲಿನಂತೆ ಸಮ ಬಂತು. ರಿಪೇರಿಯವನು ತನ್ನ ಅಂಗಡಿಯ ವಿಳಾಸ ಹೇಳಿದ, ಅದೂ ಸಮ. ನನ್ನ ಪದ ಮಾತ್ರ ಉಯ್ಯಾಲೆ.

"ನನ್ನ ದನಿ ಹಿಡಿಯೋ ತಾಕತ್ತು ಇದಕ್ಕಿಲ್ಲ ಬಿಡ್ರಿ" ಅಂದೆ.  ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಎಡದವಡೆ ಬಾತುಕೊಂಡಿತ್ತು. ನಾಳೆ ಇಷ್ಟೊತ್ತಿಗೆ ಹುಲುಹೋ.

"ಕಡೇ ಸಲ ಹಾಡ್ರಿ ಮಾವಾರ" ಅಂದ ಅಳಿಯ. ಮತ್ತೆ ಇಬ್ಬರೂ ಬಟ್ಟಲು ಕಟ್ಟಿ ಟೀವಿಗೆ ಕಣ್ಣು ನೆಟ್ಟರು. ನಾನು ಕಣ್ಣು ಮುಚ್ಚಿದೆ. ಐದನೇ ನುಡಿಯಲ್ಲಿದ್ದೆ, ಠಣ್ ಅಂತ ತಟ್ಟೆ ಬಿದ್ದ ಸದ್ದು. ಬಾಗಿಲಲ್ಲಿ ಮಗಳು, ಚಹದ ಕಪ್ಪು ನೆಲದ ಮೇಲೆ, ಆಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ರೀ, ಎರಡು ವಾರದಾಗ ಒಮ್ಮೆಯಾದ್ರೂ ಹಿಂದ ತಿರುಗಿ ನೋಡೀರೇನು? ನಮ್ಮಪ್ಪ ಎಲ್ಲಿ ಅದಾನ ನೋಡ್ರಿ!"

ಅವರು ತಿರುಗಿ ನೋಡಿದರು. ನಾನೂ ಕಣ್ಣು ತೆಗೆದೆ. ಮೈಕು ಆ ಗೋಡೆಗೆ, ನಾನು ಈ ಗೋಡೆಗೆ. ಹಂತಿ ಪದ ಕೂತು ಹಾಡಿದವನು ಯಾರು? ಐವತ್ತು ವರ್ಷ ಎತ್ತಿನ ಹಿಂದೆ ಸುತ್ತು ಹೊಡೆಯುತ್ತಲೇ ಹಾಡಿದ್ದೇನೆ. ಬಾಯಿ ತೆರೆದರೆ ಕಾಲು ತಾನೇ ಹೊರಡುತ್ತದೆ. ಮೈಕಿನ ಹತ್ತಿರ ಬಂದಾಗ ಉಬ್ಬು, ದೂರ ಹೋದಾಗ ತಗ್ಗು.

ರಿಪೇರಿಯವನು ತೆಗೆದ ಹಳೇ ಕಾರ್ಡನ್ನ ಸುಮ್ಮನೆ ಮತ್ತೆ ಹಾಕಿದ.

ನನ್ನನ್ನ ಕುರ್ಚಿಯಲ್ಲಿ ಕೂರಿಸಿದರು. ಎರಡು ನುಡಿ ಬಂತು, ಮೂರನೆಯದು ಮರೆತೇಹೋಯಿತು. ಎದ್ದು ನಾಲ್ಕು ಹೆಜ್ಜೆ ಹಾಕಿದೆ, ನೆನಪಾಯಿತು. ಕೂತೆ, ಮತ್ತೆ ಹೋಯಿತು. ಪದ ನನ್ನ ಹೊಟ್ಟೆಯೊಳಗಿದೆ ಅಂತ ನಾನು ತಿಳಿದಿದ್ದೆ. ಇದ್ದದ್ದು ಕಾಲಿನೊಳಗೆ.

ಆಗ ಮಗಳು ಒಳಗಿಂದ ಒನಕೆ ತಂದಳು. ನೆಲದ ಒರಳಿನಲ್ಲಿ ಅದನ್ನ ನೆಟ್ಟಗೆ ನಿಲ್ಲಿಸಿ, ಸುತ್ತ ಹಳೇ ಬಟ್ಟೆ ಗಿಡಿದು ಬಿಗಿ ಮಾಡಿದಳು. ತುದಿಗೆ ಮೈಕು ಕಟ್ಟಿ, ವಯರು ಮೇಲಿನ ಜಂತಿಗೆ ಹಾಯಿಸಿದಳು. ಆಮೇಲೆ ಬಾವಿಯ ಹಗ್ಗ ತಂದು ಒನಕೆಗೆ ಸಡಿಲ ಕುಣಿಕೆ ಹಾಕಿದಳು, ಸುತ್ತಿದರೂ ಸುರುಳಿ ಹತ್ತಬಾರದು ಅಂತ. ಕಣದ ಪದ್ಧತಿ, ಚಿಕ್ಕಂದಿನಲ್ಲಿ ನೋಡಿದ್ದು. ಇನ್ನೊಂದು ತುದಿ ನನ್ನ ನಡುವಿಗೆ.

"ಇಷ್ಟು ದಿನ ನೀ ಎತ್ತು ತಿರುವಿದಿ ಯಪ್ಪಾ. ಇವತ್ತು ನಿನ್ನ ಪಾಳಿ. ಹೂಂ, ನಡಿ!"

ನಡೆದೆ. ಹಗ್ಗ ಅಷ್ಟೇ ಉದ್ದ, ಮೈಕು ಅಷ್ಟೇ ದೂರ. ನೂರಾ ಒಂದು ನುಡಿ, ಒಂದೂ ತಪ್ಪದೆ, ಒಂದೇ ಉಸಿರಿಗೆ ಹಾಡಿದೆ. ನಡುವೆ ನೀರು ಕುಡಿದೆ ಅಂತ ಅಳಿಯ ಹೇಳುತ್ತಾನೆ, ಇರಬಹುದು. ಟೀವಿಯ ಗೆರೆ ಮೊದಲಿಂದ ಕೊನೆವರೆಗೆ ಸಮ. ಕಡೇ "ಹುಲುಸೋ" ಮುಗಿದಾಗ ರಿಪೇರಿಯವನು ಕಣ್ಣೊರೆಸಿಕೊಂಡ. ಅಳಿಯ ನೇರವಾಗಿ ನನಗೇ, "ಬಂತ್ರಿ ಮಾವಾರ, ಪೂರ್ತಿ ಬಂತು" ಅಂದ. ಹೆಂಡತಿಯ ಕಡೆ ನೋಡಲೂ ಇಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನಾನು ಅರವತ್ತನೇ ನುಡಿಯಲ್ಲಿದ್ದಾಗ ಪಕ್ಕದ ಮನೆಯಾಕೆ, ಆ ಹೀರೋ ಕೇಳಿದಾಕೆ, ಹಾಲಿಗೆ ಹೆಪ್ಪು ಕೇಳೋಕೆ ಬಂದವಳು ಕಿಟಕಿಯಲ್ಲಿ ಇಣುಕಿದ್ದಳು. ನಡುವಿಗೆ ಹಗ್ಗ ಕಟ್ಟಿಸಿಕೊಂಡ ಮುದುಕ ಕೂಗುತ್ತಾ ಸುತ್ತುತ್ತಿದ್ದಾನೆ. ಅಳಿಯ ಕಿವಿ ಮುಚ್ಚಿಕೊಂಡು ಬೆನ್ನು ಹಾಕಿ ಕೂತಿದ್ದಾನೆ. ಅವಳು ಹೆಪ್ಪು ಮರೆತು ಸುದ್ದಿ ಹೊತ್ತು ಓಡಿದಳು. ಸಂಜೆ ಐದಕ್ಕೆ ನಮ್ಮೂರಿನಿಂದ ಟೆಂಪೋ ಬಂತು. ಅದರಿಂದ ಇಳಿದವರು ಐವರು, ನನ್ನ ಹಳೇ ಹಿಮ್ಮೇಳದ ಗೆಳೆಯರು, ಐವರ ಕೈಯಲ್ಲೂ ಬಡಿಗೆ.

"ಎಲ್ಲಿ ಅದಾನ ಲೇ ಮೇಷ್ಟ್ರು? ಮಾವನ್ನ ಒನಕಿಗೆ ಕಟ್ಟಿ ಗಾಣದ ಎತ್ತಿನಂಗ ತಿರುವ್ಯಾನಂತ!"

 ಅಳಿಯ ಓಡಿಹೋಗಿ ಕಂಪ್ಯೂಟ್ರಿನ ಗುಂಡಿ ಒತ್ತಿದ. ಸ್ಪೀಕರಿನಲ್ಲಿ ನನ್ನ ಪದ ಎದ್ದಿತು. ಮೊದಲ ನುಡಿಗೆ ಐವರೂ ನಿಂತರು. ಎರಡನೆಯದಕ್ಕೆ ಬಡಿಗೆ ಗೋಡೆಗೆ ಆನಿಸಿದರು. ಮೂರನೆಯದಕ್ಕೆ "ಹುಲುಸೋ ಹುಲುಸು" ಅಂತ ಕೂಗಿದರು, ಕಾಲು ತಾವೇ ಹೊರಟವು. ಪಡಸಾಲೆಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಹಿರಿಯನು, ನನ್ನ ಅಳಿಯನ ಕಾಲು ಮುರಿಯಲು ಬಂದವನು, ಅವನ ಕೈ ಹಿಡಿದು ಹೇಳಿದ:

"ಸಾಲು ತಪ್ಪತೈತ್ರಿ ಮೇಷ್ಟ್ರ. ನಮಗೂ ಒಂದೊಂದು ಹಗ್ಗ ಕಟ್ರಿ."

ಕಟ್ಟಿದೆವು. ಆರು ಮಂದಿಯೂ ಸುತ್ತಿದೆವು. ಕಿಟಕಿಯಲ್ಲಿ ಪಕ್ಕದ ಮನೆಯಾಕೆ ಮತ್ತೆ ಬಂದಿದ್ದಳು.

ಮರುದಿನ ಹಗರಿಬೊಮ್ಮನಹಳ್ಳಿಯಲ್ಲಿ ಡಾಕ್ಟರು ಏಳೂ ಕಿತ್ತರು. ಕಿತ್ತು ಬಾಯಿಗೆ ಹತ್ತಿ ತುರುಕಿ, ಕೈ ತೊಳೆಯುತ್ತಾ ಕೇಳಿದರು:

"ಯಜಮಾನ್ರ, ಮುಂಜಾನಿ ಬಸ್ಸಿನಾಗ ಸುದ್ದಿ ಬಂತು. ಕೊಟ್ಟೂರಾಗ ಯಾರೋ ಮೇಷ್ಟ್ರು ನಲವತ್ತು ಮಂದಿ ಮುದುಕರನ್ನ ಒನಕಿಗೆ ಕಟ್ಟಿ ತಿರುವ್ಯಾನಂತ. ನಿಮಗೇನರ ಗೊತ್ತೈತೇನು?"

ನಲವತ್ತಲ್ರೀ, ಆರೇ ಮಂದಿ! ಇನ್ನೊಬ್ಬರ ಕತೆಯನ್ನ ಕಮ್ಮಿ ಮಾಡಿ ಖರೇ ಹೇಳಬೇಕು ಅಂತ ನನಗೆ ಈ ಜನ್ಮದಲ್ಲಿ ಅನ್ನಿಸಿದ್ದು ಅದೊಂದೇ ಸಲ. ಅವತ್ತೇ ಬಾಯ್ತುಂಬ ಹತ್ತಿ.